ಬುರುಡೆ ಮಾಂತೇಶ ಹೇಳಿದ ನಿಜ

ಅರಸೀಕೆರೆ ಸುತ್ತಿನ ಯಾವ ಶಾಲೆಯವರು ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದೊಯ್ಯಬೇಕೆಂದರೂ ಮೊದಲು ಫೋನು ಮಾಡುತ್ತಿದ್ದದ್ದು ಮಹಾಂತೇಶನಿಗೆ. ಬಸ್ಸು ಗೊತ್ತುಮಾಡುವುದು, ತಿಂಡಿಗೆ ನಿಲ್ಲಿಸುವುದು, ಟಿಕೆಟ್ ಕೊಡಿಸುವುದು, ಸಂಜೆ ತಲೆ ಎಣಿಸಿ ವಾಪಸ್ ಹತ್ತಿಸುವುದು ಎಲ್ಲ ಅವನದೇ. ಆದರೆ ಮೇಷ್ಟ್ರುಗಳು ಅವನನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕಲ್ಲ. ಅವನು ಮೈಕು ಹಿಡಿದನೆಂದರೆ ಬಸ್ಸಿನಲ್ಲಿ ಒಂದು ಮಗುವೂ ವಾಂತಿ ಮಾಡುತ್ತಿರಲಿಲ್ಲ. ನಗುವುದಕ್ಕೇ ಬಾಯಿ ಸಾಲುತ್ತಿರಲಿಲ್ಲ, ಇನ್ನು ವಾಂತಿಗೆಲ್ಲಿ ಬಿಡುವು?

"ಗಂಡಸಿ ಸ್ಕೂಲಿನ ಮೇಷ್ಟ್ರು ಒಬ್ರು ರೋಲರ್ ಕೋಸ್ಟರ್ ಹತ್ತಿದ್ರು ಕಣ್ರೋ. ಹತ್ತೋವಾಗ ಬಿಕ್ಕಳಿಕೆ ಬರ್ತಿತ್ತು. ತುದಿಗೆ ಹೋದ ಗಾಡಿ ಸರಕ್ಕನೆ ಇಳೀತು ನೋಡಿ, ಮೇಷ್ಟ್ರು ಕೆಳಗ್ ಬಂದ್ರು, ಬಿಕ್ಕಳಿಕೆ ಮೇಲೇ ಉಳ್ಕೊಂತು! ಇವತ್ತೂ ಮಧ್ಯಾಹ್ನದ ಹೊತ್ತು ಕಿವಿಗೊಟ್ಟು ಕೇಳಿ, ಹಿಕ್ ಹಿಕ್ ಅಂತಿರ್ತದೆ."

ಜಾವಗಲ್ಲಿನ ತೆಂಗಿನಕಾಯಿ ವ್ಯಾಪಾರಿಯೊಬ್ಬ ಅಲೆಯ ಕೊಳದಲ್ಲಿ ಮುಳುಗು ಹಾಕಿ ಮಂಗಳೂರಿನ ಕಡಲಲ್ಲಿ ಎದ್ದದ್ದು, ಚಡ್ಡಿಯಲ್ಲೇ ಘಾಟಿ ಹತ್ತಿ ಬಂದದ್ದು ಇನ್ನೊಂದು ಕತೆ. ನಡುನಡುವೆ ಅವನು ನಿಜವನ್ನೂ ಸೇರಿಸುತ್ತಿದ್ದ. ರೋಲರ್ ಕೋಸ್ಟರಿನ ಗಾಡಿಗೆ ಎಂಜಿನ್ನೇ ಇರುವುದಿಲ್ಲ, ಒಮ್ಮೆ ಮೇಲಕ್ಕೆಳೆದು ಬಿಟ್ಟರೆ ತನ್ನ ಭಾರದಿಂದಲೇ ಓಡುತ್ತದೆ. ಅಮೆರಿಕದ ದೊಡ್ಡ ಪಾರ್ಕಿನ ಕೋಟೆಗೆ ಮೇಲೆ ಮೇಲೆ ಹೋದಂತೆ ಕಲ್ಲುಗಳನ್ನು ಸಣ್ಣದು ಮಾಡಿದ್ದಾರೆ, ಅದಕ್ಕೇ ಅದು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಅಲ್ಲಿನ ಇನ್ನೊಂದು ಪಾರ್ಕು ಶುರುವಾದ ದಿನ ಬಿಸಿಲಿಗೆ ಡಾಂಬರು ಕರಗಿ ಹೆಂಗಸರ ಎತ್ತರದ ಚಪ್ಪಲಿಗಳು ನೆಲಕ್ಕೆ ಕಚ್ಚಿಕೊಂಡವು. ಮಕ್ಕಳು ಬಿಕ್ಕಳಿಕೆಯನ್ನು ನಂಬುತ್ತಿದ್ದರು, ಎಂಜಿನ್ ಇಲ್ಲವೆಂದರೆ "ಬುರುಡೆ! ಬುರುಡೆ!" ಎಂದು ಕೂಗುತ್ತಿದ್ದರು. ಹೀಗೆ ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂರದ ಮಹಾಂತೇಶ ತಾಲ್ಲೂಕಿಗೆಲ್ಲ ಬುರುಡೆ ಮಾಂತೇಶನಾದ. ಅವನಿಗೆ ಆ ಹೆಸರಿನ ಬಗ್ಗೆ ಬೇಸರವೂ ಇರಲಿಲ್ಲ.

ಆವತ್ತು ಹಳೇಬೀಡಿನ ಶಾಲೆಯ ಮಕ್ಕಳನ್ನು ಬೆಂಗಳೂರಿನ ಪಾರ್ಕಿಗೆ ಕರೆದೊಯ್ದಿದ್ದ. ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಿದ್ದಾಗ ತಂಗಿಯ ಗಂಡ ಶಶಿಕಿರಣನ ಫೋನು ಬಂತು.

"ಭಾವ, ಪ್ರತಿಮಾಗೆ ಹೆರಿಗೆ ಆಯ್ತು."

"ಏನ್ ಹೇಳ್ತಿದೀರ? ಇನ್ನೂ ಏಳು ತಿಂಗಳು!"

"ಬಿ.ಪಿ. ಜಾಸ್ತಿ ಆಗೋಯ್ತು ಭಾವ. ಆಪರೇಷನ್ ಮಾಡಿ ತೆಗೆದ್ರು. ಹೆಣ್ಣು ಮಗು. ಅಂಗೈ ಅಷ್ಟೇ ಐತೆ."

ಹಿಂದೆ ಯಾರೋ ಮಕ್ಕಳು ಜಾರುಬಂಡೆಯಿಂದ ನೀರಿಗೆ ಬಿದ್ದು ಕಿರುಚಿದರು. ಮಹಾಂತೇಶನಿಗೆ ಶಶಿಕಿರಣನ ಮುಂದಿನ ಮಾತು ಕೇಳಿಸಲಿಲ್ಲ. ಅಷ್ಟು ಮಕ್ಕಳನ್ನು ಬಿಟ್ಟು ಹೊರಡುವ ಹಾಗೂ ಇರಲಿಲ್ಲ. ಸಂಜೆ ಎಲ್ಲರನ್ನೂ ಹತ್ತಿಸಿ ತಾನು ಡ್ರೈವರ್ ಪಕ್ಕ ಕೂತ. ಮೈಕು ಅದರ ಕೊಕ್ಕೆಯಲ್ಲೇ ತೂಗಾಡುತ್ತಿತ್ತು. ನೆಲಮಂಗಲ ದಾಟುವಷ್ಟರಲ್ಲಿ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡರು.

ಮಾರನೆಯ ಬೆಳಗ್ಗೆ ಅವನು ಅರಸೀಕೆರೆಯ ತಾಯಿ ಮಕ್ಕಳ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಹೊರಗೆ ತಂಗಿಯ ಗಂಡನ ಊರಾದ ಜಾವಗಲ್ಲಿನ ಬಾಡಿಗೆ ಕಾರೊಂದು ಕಾದು ನಿಂತಿತ್ತು. ಒಳಗೆ ಪ್ರತಿಮಾಳ ಅತ್ತೆ ಕಮಲಾಕ್ಷಮ್ಮ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಹಣೆಯ ಮೇಲೆ ಅಗಲವಾದ ವಿಭೂತಿ, ಮಡಿಲಲ್ಲಿ ಮಡಚಿಟ್ಟ ಹಳೆಯ ಹತ್ತಿ ಸೀರೆಯ ತುಂಡುಗಳು. ಆ ಮನೆಯ ತೋಟ, ಹಸು, ಆಳುಕಾಳು, ಮಗ, ಎಲ್ಲವೂ ಆಕೆಯ ಒಂದು ಮಾತಿನಲ್ಲಿ ನಡೆಯುತ್ತಿತ್ತು.

"ಬಂದ್ಯಾ ಮಾಂತೇಶ. ಒಳ್ಳೇದಾಯ್ತು. ಮಗೂನ ಮನೆಗೆ ಕರ್ಕೊಂಡು ಹೋಗ್ತಾ ಇದ್ದೀವಿ."

"ಮನೆಗಾ? ಡಾಕ್ಟ್ರು ಏನಂದ್ರು ಅತ್ತೆಮ್ಮ?"

"ಡಾಕ್ಟ್ರು ಗಾಜಿನ ಪೆಟ್ಟಿಗೇಲೇ ತಿಂಗಳುಗಟ್ಲೆ ಇರಬೇಕು ಅಂತಾಳೆ. ಹೋಗಿ ಬರೋರೆಲ್ಲ ಬಗ್ಗಿ ಬಗ್ಗಿ ನೋಡೋಕೆ ಅದೇನು ಅಂಗಡೀಲಿಟ್ಟ ಬೊಂಬೆನಾ? ಮಗುಗೆ ಬೇಕಾಗಿರೋದು ಮಡಿಲು. ಬೆಚ್ಚಗೆ ಸುತ್ತಿ ಮಲಗಿಸ್ಕೊಂಡ್ರೆ ಅದೇ ಬೆಳೀತದೆ."

ಶಶಿಕಿರಣ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ. ಮಗುವಿನ ಡಾಕ್ಟರು ಮಂಜುಳಾ ಎರಡು ಸಲ ಬಂದು ತಿಳಿಹೇಳಿ ಹೋಗಿದ್ದಳಂತೆ. ಶ್ವಾಸಕೋಶ ಇನ್ನೂ ಬಲಿತಿಲ್ಲ, ಮೈಯ ಶಾಖ ತಾನಾಗಿ ನಿಲ್ಲುವುದಿಲ್ಲ, ಹೊರಗೆ ತೆಗೆದರೆ ಉಳಿಯುವುದು ಕಷ್ಟ ಎಂದು. ಸಂಜೆಯೊಳಗೆ ಒಂದು ತೀರ್ಮಾನಕ್ಕೆ ಬನ್ನಿ ಎಂದಿದ್ದಳು.

ಮಹಾಂತೇಶ ತಂಗಿಯ ವಾರ್ಡಿಗೆ ಹೋದ. ಪ್ರತಿಮಾ ಜ್ವರದಲ್ಲಿ ಕೆಂಪಾಗಿ ಮಲಗಿದ್ದಳು. ತುಟಿ ಒಣಗಿತ್ತು. ಅಣ್ಣನನ್ನು ಕಂಡದ್ದೇ ಕೈ ಹಿಡಿದುಕೊಂಡಳು.

"ಅಣ್ಣ, ಮಗೂನ ಕಳಿಸ್ಬೇಡ. ಇವ್ರು ಅವ್ರಮ್ಮನ ಎದುರಿಗೆ ಬಾಯಿ ತೆಗೆಯಲ್ಲ. ನಂಗೆ ಎದ್ದು ಕೂರೋಕೂ ಆಗ್ತಿಲ್ಲ. ನೀನು ಮಾತಾಡು. ನಿಂಗೆ ಮಾತು ಬತ್ತದೆ."

"ಕಳಿಸಲ್ಲ. ನೀನು ಮಲಕ್ಕೋ," ಎಂದ ಮಹಾಂತೇಶ. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ವಾರ್ಡಿನ ಬಾಗಿಲು ದಾಟಿದ ಮೇಲೆ ಏನು ಹೇಳುವುದೆಂದು ಹುಡುಕತೊಡಗಿದ.

ಅವನ ಹತ್ತಿರ ಇದ್ದದ್ದು ಒಂದೇ ಕತೆ. ಬಸ್ಸಿನಲ್ಲಿ ಹೇಳಲು ಪಾರ್ಕುಗಳ ವಿಷಯ ಹುಡುಕುತ್ತಿದ್ದಾಗ ಎರಡು ವರ್ಷದ ಹಿಂದೆ ಅದು ಸಿಕ್ಕಿತ್ತು. ಒಮ್ಮೆ ಹೇಳಿಯೂ ಇದ್ದ. ಹಗರೆ ಶಾಲೆಯ ಮಕ್ಕಳು ಬಸ್ಸೇ ಹಾರಿಹೋಗುವ ಹಾಗೆ ಕೂಗಿ ನಕ್ಕಿದ್ದರು. ಅಲ್ಲಿಗೆ ಬಿಟ್ಟುಬಿಟ್ಟಿದ್ದ. ಈಗ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ಶುರುಮಾಡಿದ.

"ಅತ್ತೆಮ್ಮ, ಅಮೆರಿಕದಲ್ಲಿ ನೂರು ನೂರಿಪ್ಪತ್ತು ವರ್ಷದ ಹಿಂದೆ ಕೋನಿ ಐಲ್ಯಾಂಡ್ ಅಂತ ಒಂದು ಜಾಗ. ಸಮುದ್ರದ ದಡ. ಈಗಿನ ಥೀಮ್ ಪಾರ್ಕ್‌ಗಳಿಗೆಲ್ಲ ಅದೇ ಅಜ್ಜಿ ಮನೆ ಇದ್ದ ಹಾಗೆ. ಒಂದು ಕಡೆ ರೋಲರ್ ಕೋಸ್ಟರು, ಒಂದು ಕಡೆ ಸಿಂಹದ ಆಟ. ಅದರ ಮಧ್ಯೆ ಒಂದು ಮನೇಲಿ ಇದೇ ಥರ ಗಾಜಿನ ಪೆಟ್ಟಿಗೆಗಳು. ಒಳಗೆ ತಿಂಗಳು ತುಂಬದೆ ಹುಟ್ಟಿದ ಕೂಸುಗಳು. ಜನ ಟಿಕೆಟ್ ತಗೊಂಡು ನೋಡಕ್ಕೆ ಬರ್ತಿದ್ರು."

ಕಮಲಾಕ್ಷಮ್ಮ ಹುಬ್ಬು ಗಂಟಿಕ್ಕಿದರು. ಪಕ್ಕದ ಬೆಂಚಿನಲ್ಲಿದ್ದವರೂ ಇತ್ತ ತಿರುಗಿದರು.

"ಆಗ ಆಸ್ಪತ್ರೇಲಿ ಅಂಥಾ ಪೆಟ್ಟಿಗೇನೇ ಇರಲಿಲ್ಲ. ಈ ಕೂಸು ಉಳಿಯಲ್ಲ ಅಂತ ಡಾಕ್ಟ್ರುಗಳೇ ಕೈಬಿಡ್ತಿದ್ರು. ಆ ಪಾರ್ಕಿನವನು ಮಾತ್ರ ತಂದ್ಕೊಡಿ ಅಂತಿದ್ದ. ತಂದೆತಾಯಿ ಹತ್ರ ಒಂದು ಕಾಸೂ ತಗೊಳ್ತಿರಲಿಲ್ಲ, ಟಿಕೆಟ್ಟಿನ ದುಡ್ಡಲ್ಲೇ ಸಾಕ್ತಿದ್ದ. ಅಲ್ಲಿದ್ದ ನರ್ಸಮ್ಮ ಒಬ್ರು ತನ್ನ ಉಂಗುರ ತೆಗೆದು ಕೂಸಿನ ಕೈಗೆ ತೊಡಿಸಿ ತೋರಿಸ್ತಿದ್ರಂತೆ. ಬೆರಳಿಗಲ್ಲ, ಬಳೆ ಥರ ಕೈಗೆ. ಅಷ್ಟು ಸಣ್ಣ ಕೂಸುಗಳು, ಸಾವಿರಾರು ಬದುಕಿದ್ವು."

ಪಕ್ಕದ ಬೆಂಚಿನಿಂದ ಹೋ ಎಂದು ನಗು ಎದ್ದಿತು. ಗಂಡಸಿಯ ಕೃಷ್ಣಪ್ಪ, ಮೊಮ್ಮಗನಿಗೆ ಜ್ವರವೆಂದು ತೋರಿಸಲು ಬಂದಿದ್ದ ರೈತ.

"ಏನ್ಲಾ ಮಾಂತೇಶ, ಇಲ್ಲೂ ಶುರು ಹಚ್ಕೊಂಡ್ಯಾ? ಅಮ್ಮಾ, ನಂಬಬ್ಯಾಡಿ ಇವನ್ನ. ನಮ್ಮೂರ ಮೇಷ್ಟ್ರ ಬಿಕ್ಕಳಿಕೆ ಬೆಂಗ್ಳೂರಲ್ಲಿ ಬಿದ್ದೈತೆ ಅಂತ ಊರೆಲ್ಲ ಸಾರಿದೋನು ಇವನೇಯ!"

ಎಲ್ಲರೂ ನಕ್ಕರು. ಶಶಿಕಿರಣನ ತುಟಿಯಲ್ಲೂ ನಗೆ ಸುಳಿದು ಮಾಯವಾಯಿತು. ಮಹಾಂತೇಶನ ಕಿವಿ ಬಿಸಿಯಾಯಿತು. ಫೋನು ತೆಗೆದು, ಸಾಲಾಗಿ ನಿಂತ ಪೆಟ್ಟಿಗೆಗಳ ಹಳೆಯ ಚಿತ್ರ ಹುಡುಕಿ ತೋರಿಸಿದ. ಕಮಲಾಕ್ಷಮ್ಮ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ಮೊನ್ನೆ ನಮ್ಮ ತೋಟದೋನು ಇಂಥದ್ದೇ ಫೋನಲ್ಲಿ ಸಿಂಹ ಕಾಫಿ ಕುಡಿಯೋದು ತೋರಿಸ್ದ. ಮಡಿಕ್ಕೋ ಒಳಗೆ. ಒಂದು ಜೀವದ ವಿಷಯದಲ್ಲೂ ಬುರುಡೆ ಬಿಡ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನ ಹೆಸರು ಚುಚ್ಚಿತು. ಎದ್ದು ಹೊರಗೆ ಹೋಗಿ ಟೀ ಅಂಗಡಿಯ ಮುಂದೆ ನಿಂತ. ಟೀ ಕುಡಿಯಲಿಲ್ಲ. ಹತ್ತಿರದ ಸ್ಟೇಷನ್ನಿಗೆ ರೈಲೊಂದು ಬಂದು ಹೋಯಿತು. ಹೋಗಿ ಜಗಳ ಆಡಲೇ? ಪೊಲೀಸರನ್ನು ಕರೆಯಲೇ? ತಂಗಿ ಬಾಳುವೆ ಮಾಡಬೇಕಾದ ಮನೆ ಅದು. ಆದರೆ ಮಗು ಆ ಕಾರು ಹತ್ತಬಾರದು. ಅದೊಂದು ಅವನ ತಲೆಯಲ್ಲಿ ಗೂಟ ಹೊಡೆದ ಹಾಗೆ ನಿಂತಿತ್ತು. ನೇರವಾಗಿ ಕಾರಿನ ಡ್ರೈವರನ ಬಳಿ ಹೋಗಿ, "ನೀನು ಊಟ ಮಾಡ್ಕೊಂಡು ಬಾರಪ್ಪ, ಇವತ್ತು ಹೊರಡೋದು ತಡ ಐತೆ," ಎಂದು ಹೇಳಿ ಮತ್ತೆ ಮೆಟ್ಟಿಲು ಹತ್ತಿದ.

ಕೃಷ್ಣಪ್ಪ ಮೊಮ್ಮಗನನ್ನು ಎತ್ತಿಕೊಂಡು ಹೋಗಿಯಾಗಿತ್ತು. ಬೆಂಚುಗಳು ಖಾಲಿಯಾಗಿದ್ದವು. ಮಹಾಂತೇಶ ಈ ಸಲ ಕುಕ್ಕರಗಾಲಲ್ಲಿ ಕೂರದೆ ಕಮಲಾಕ್ಷಮ್ಮನ ಪಕ್ಕದಲ್ಲೇ ಕೂತ.

"ಅತ್ತೆಮ್ಮ, ನಾನಿನ್ನು ಏನೂ ಹೇಳಲ್ಲ. ನೀವು ಹೇಳಿ. ಆ ಪೆಟ್ಟಿಗೆ ಕಂಡ್ರೆ ನಿಮ್ಗೆ ಯಾಕೆ ಅಷ್ಟು ಆಗಲ್ಲ?"

ಆಕೆ ಮಡಿಲಿನ ಸೀರೆ ತುಂಡುಗಳನ್ನು ಬಿಡಿಸಿ ಮತ್ತೆ ಮಡಚಿದರು.

"ಶಶಿಗಿಂತ ಮುಂಚೆ ಒಂದು ಹೆಣ್ಣು ಮಗು ಆಗಿತ್ತು. ಅದೂ ತಿಂಗಳು ತುಂಬಿರಲಿಲ್ಲ. ಬೇರೆ ಊರ ಆಸ್ಪತ್ರೆ. ಹುಟ್ಟಿದ ತಕ್ಷಣ ತಗೊಂಡೋಗಿ ಇಂಥದ್ದೇ ಗಾಜಿನೊಳಗೆ ಮಡಗಿದ್ರು. ಮುಟ್ಟಬಾರದು ಅಂದ್ರು. ದೂರದಿಂದ ಒಂದು ಸಲ ತೋರಿಸಿದ್ರು. ಮೂರನೇ ದಿನ ಬಟ್ಟೇಲಿ ಸುತ್ತಿ ತಂದು ಯಜಮಾನ್ರ ಕೈಗೆ ಕೊಟ್ರು. ಆಯ್ತು ಅಷ್ಟೇ." ಆಕೆಯ ದನಿ ಏರಲಿಲ್ಲ, ಇಳಿಯಲಿಲ್ಲ. "ನಾನು ಹೆತ್ತ ಮಗು ಬೆಚ್ಚಗಿತ್ತೋ ತಣ್ಣಗಿತ್ತೋ ನಂಗೆ ಗೊತ್ತಿಲ್ಲ ಮಾಂತೇಶ. ಈ ಕೂಸು ಹೋಗೋದಾದ್ರೂ ಯಾರದಾದ್ರೂ ಮಡಿಲಲ್ಲಿ ಹೋಗ್ಲಿ."

ಮಹಾಂತೇಶ ಆಕೆಯ ಮಡಿಲಿನಿಂದ ಜಾರಿದ ಒಂದು ಸೀರೆ ತುಂಡನ್ನು ಎತ್ತಿ ಮಡಚಿಟ್ಟ.

ಆಮೇಲೆ ಆಕೆಯೇ ಕೇಳಿದರು. "ನೀನು ಹೇಳಿದ್ಯಲ್ಲ, ಆ ಪಾರ್ಕು. ಅಲ್ಲಿ ತಾಯಂದಿರಿಗೆ ಮುಟ್ಟಕ್ಕೆ ಬಿಡ್ತಿದ್ರಾ?"

ಉತ್ತರ ನಾಲಗೆಯ ತುದಿಗೇ ಬಂತು. ಬಿಡುತ್ತಿದ್ದರು ಅತ್ತೆಮ್ಮ, ದಿನಾ ಮಡಿಲಲ್ಲಿಟ್ಟು ಹಾಡುತ್ತಿದ್ದರು, ಅದಕ್ಕೊಂದು ಉಯ್ಯಾಲೆ ಕೋಣೆಯೇ ಇತ್ತು. ಅವನಿಗೆ ಅದನ್ನು ಕಟ್ಟಿ ನಿಲ್ಲಿಸಲು ಒಂದು ಉಸಿರು ಸಾಕಿತ್ತು. ಆಕೆಯ ಮುಖ ನೋಡಿದ.

"ಗೊತ್ತಿಲ್ಲ ಅತ್ತೆಮ್ಮ," ಎಂದ. "ನಾನು ಓದಿದ್ರಲ್ಲಿ ಅದು ಸಿಗಲಿಲ್ಲ. ಎಲ್ಲ ಮಕ್ಕಳೂ ಬದುಕಲಿಲ್ಲ, ಅದೂ ನಿಜ. ಒಂದು ಸಲ ಪಾರ್ಕಿಗೆ ಬೆಂಕಿ ಬಿದ್ದಾಗ ಪೆಟ್ಟಿಗೇಲಿದ್ದ ಕೂಸುಗಳನ್ನೆಲ್ಲ ಎತ್ಕೊಂಡು ಓಡಿದ್ರಂತೆ, ಒಂದೂ ಸಾಯಲಿಲ್ಲವಂತೆ. ಅಷ್ಟು ಗೊತ್ತು. ಮುಟ್ಟಕ್ಕೆ ಬಿಡ್ತಿದ್ರೋ ಇಲ್ವೋ ಗೊತ್ತಿಲ್ಲ."

ಕಮಲಾಕ್ಷಮ್ಮ ಅವನ ಕಡೆ ಪೂರ್ತಿ ತಿರುಗಿ ಕೂತರು.

"ನಿನ್ನ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ಇವತ್ತೇ ಕೇಳಿದ್ದು ನಾನು," ಎಂದರು. ಮತ್ತೆ ಗೋಡೆ ನೋಡುತ್ತಾ, "ಹಂಗಾದ್ರೆ ಮಿಕ್ಕಿದ್ದು ನಿಜವೇ ಇರಬೇಕು," ಎಂದರು.

ಮಹಾಂತೇಶ ತಟ್ಟನೆ ಎದ್ದ. "ಅಲ್ಲೀದು ಗೊತ್ತಿಲ್ಲ. ಇಲ್ಲೀದು ಕೇಳ್ಕೊಂಡು ಬತ್ತೀನಿ."

ಡಾಕ್ಟರ್ ಮಂಜುಳಾ ತನ್ನ ಕೋಣೆಯಲ್ಲಿ ತಿಂಡಿ ಡಬ್ಬಿ ತೆರೆಯುತ್ತಿದ್ದಳು. ಅವನ ಪ್ರಶ್ನೆ ಕೇಳಿ ಮುಚ್ಚಳವನ್ನು ಕೆಳಗಿಟ್ಟಳು. "ಮುಟ್ಟೋದೇನು, ಎದೆ ಮೇಲೇ ಮಲಗಿಸ್ಕೋಬಹುದು. ಬರಿ ಮೈಗೆ ಬರಿ ಮೈ ತಾಗೋ ಹಾಗೆ. ಈಗೆಲ್ಲ ನಾವೇ ಮಾಡಿಸ್ತೀವಿ, ಮಗು ಬೇಗ ಬೆಳೆಯುತ್ತೆ. ಆದ್ರೆ ಮೊದಲು ಉಸಿರಾಟ ಒಂದು ಹದಕ್ಕೆ ಬರಬೇಕು. ಎರಡು ಮೂರು ದಿನ ಕೊಡಿ ನಂಗೆ. ತಾಯಿಗೆ ಜ್ವರ ಇರೋವರೆಗೂ ಮನೆಯವರು ಯಾರಾದ್ರೂ ಮಲಗಿಸ್ಕೊಂಡ್ರೆ ಆಯ್ತು."

"ಈ ಮಾತನ್ನ ನೀವೇ ಬಂದು ಅವ್ರಿಗೆ ಹೇಳಬೇಕು ಮೇಡಂ. ನಾನು ಹೇಳಿದ್ರೆ ನಂಬೋಕೆ ಕಷ್ಟ," ಎಂದ ಮಹಾಂತೇಶ. ಅವಳು ಡಬ್ಬಿ ಹಾಗೇ ಬಿಟ್ಟು ಬಂದಳು.

ಕಮಲಾಕ್ಷಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಮೂರು ದಿನ. ಆಮೇಲೂ ಮುಟ್ಟಕ್ಕೆ ಬಿಡಲಿಲ್ಲ ಅಂದ್ರೆ ನಾನು ಯಾರ ಮಾತೂ ಕೇಳಲ್ಲ." ಕಾರು ಖಾಲಿಯಾಗಿ ಜಾವಗಲ್ಲಿಗೆ ಹಿಂತಿರುಗಿತು. ಆಕೆ ಹಿಂತಿರುಗಲಿಲ್ಲ. ಶಶಿಕಿರಣ ಎಷ್ಟು ಬೇಡಿಕೊಂಡರೂ ಬೆಂಚು ಬಿಟ್ಟು ಏಳಲಿಲ್ಲ. ಮಹಾಂತೇಶನೂ ಮುಂದಿನ ಎರಡು ಶಾಲೆಗಳ ಪ್ರವಾಸವನ್ನು ಮುಂದಕ್ಕೆ ಹಾಕಿ ಅಲ್ಲೇ ಉಳಿದ. ತಿಂಡಿ ತಂದುಕೊಡುವುದು, ಪ್ರತಿಮಾ ಹಿಂಡಿಕೊಟ್ಟ ಹಾಲನ್ನು ಒಳಗೆ ಮುಟ್ಟಿಸುವುದು, ಅದರ ಮಧ್ಯೆ ಗಾಜಿನ ಕಿಟಕಿಯ ಮುಂದೆ ನಿಲ್ಲುವುದು.

ಎರಡನೆಯ ದಿನ ಬೆಳಗ್ಗೆ ಹಾಗೆ ನಿಂತಿದ್ದಾಗ ಒಳಗಿನ ಯಂತ್ರ ಕೀಂ ಕೀಂ ಎಂದು ಕೂಗತೊಡಗಿತು. ಕಮಲಾಕ್ಷಮ್ಮ ಪಕ್ಕದಲ್ಲೇ ಇದ್ದರು. ಮಗುವಿನ ಎದೆಯ ಆ ಸಣ್ಣ ಏರಿಳಿತ ನಿಂತುಹೋಗಿತ್ತು. ಕಾಲು ನೀಲಿಗೆ ತಿರುಗುತ್ತಿದ್ದುದು ಗಾಜಿನಾಚೆಗೂ ಕಾಣುತ್ತಿತ್ತು. ನರ್ಸ್ ಓಡಿಬಂದು ಪೆಟ್ಟಿಗೆಯ ಕಂಡಿಯೊಳಗೆ ಕೈ ತೂರಿಸಿ ಮಗುವಿನ ಅಂಗಾಲನ್ನು ಬೆರಳಲ್ಲಿ ಉಜ್ಜಿದಳು, ಬೆನ್ನು ಸವರಿದಳು. ಮಗು ಬೆಚ್ಚಿದಂತೆ ಕೈ ಅಲ್ಲಾಡಿಸಿತು. ಎದೆ ಮತ್ತೆ ಏರಿತು. ಯಂತ್ರ ಸುಮ್ಮನಾಯಿತು.

ನರ್ಸ್ ಹೊರಗೆ ಬಂದಾಗ ಕಮಲಾಕ್ಷಮ್ಮ ಅವಳ ತೋಳು ಹಿಡಿದುಕೊಂಡರು. "ಏನಾಗಿತ್ತು ತಾಯಿ?"

"ಉಸಿರಾಡೋದು ಮರೆತುಬಿಡ್ತವೆ ಅಮ್ಮ. ಇಷ್ಟು ಸಣ್ಣ ಮಕ್ಕಳು ಹಾಗೇ. ನೆನಪಿಸಬೇಕು."

"ಮನೇಲಿ ಮಡಿಲಲ್ಲಿ ಮಲಗಿಸ್ಕೊಂಡು ನಾನು ತೂಕಡಿಸ್ತಾ ಇದ್ದಿದ್ರೆ?"

ನರ್ಸ್ ಆಕೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದಳು. ಕಮಲಾಕ್ಷಮ್ಮ ಬೆಂಚಿಗೆ ಬಂದು ಕೂತು, ಮಗನನ್ನು ಕರೆದು, "ಎಷ್ಟು ದಿನ ಆದ್ರೂ ಆಗ್ಲಿ ಕಣೋ. ಡಾಕ್ಟ್ರು ಕಳಿಸೋವರ್ಗೂ ಇಲ್ಲೇ ಇರ್ಲಿ," ಎಂದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಕೆ ಅತ್ತದ್ದನ್ನು ಶಶಿಕಿರಣ ಅಪ್ಪ ತೀರಿಕೊಂಡ ಮೇಲೆ ಕಂಡಿರಲಿಲ್ಲ.

ಮೂರನೆಯ ದಿನ ಹೋಗಿ ಐದನೆಯ ದಿನ ಮಂಜುಳಾ ಬಾಗಿಲಿಗೆ ಬಂದು, "ಅಜ್ಜಿ ಬನ್ನಿ," ಎಂದು ಕರೆದಳು. ಕಮಲಾಕ್ಷಮ್ಮ ಎದ್ದರು, ಮತ್ತೆ ಕೂತರು. ಬಳೆ, ಉಂಗುರ ತೆಗೆದು ಶಶಿಕಿರಣನ ಕೈಗೆ ಕೊಟ್ಟರು.

"ನಂಗೆ ಹೆದರಿಕೆ ಆಯ್ತದೆ ಮಾಂತೇಶ. ನಾನು ಹಿಡ್ಕೊಂಡಾಗ್ಲೇ ಏನಾದ್ರೂ ಆಗೋದ್ರೆ?"

"ಆಗಲ್ಲ ಅಂತ ಹೇಳಕ್ಕೆ ನಂಗೆ ಬರಲ್ಲ ಅತ್ತೆಮ್ಮ. ಒಳಗೆ ಡಾಕ್ಟ್ರು ಇದಾರೆ, ನರ್ಸು ಇದಾರೆ, ಕಿಟಕಿ ಹತ್ರ ನಾನಿದೀನಿ. ನಡೀರಿ."

ಆಕೆ ಕೈ ತೊಳೆದು, ಆಸ್ಪತ್ರೆಯ ಅಂಗಿ ತೊಟ್ಟು, ಒರಗುವ ಕುರ್ಚಿಯಲ್ಲಿ ಕೂತರು. ನರ್ಸ್ ಕಿಟಕಿಗೆ ಪರದೆ ಎಳೆಯುವ ಮುಂಚೆ ಮಹಾಂತೇಶ ಕಂಡದ್ದು ಒಂದು ಕ್ಷಣ ಮಾತ್ರ. ಟೋಪಿ ಹಾಕಿದ ಪುಟ್ಟ ತಲೆ ಆಕೆಯ ಕೊರಳ ಕೆಳಗೆ ಒರಗಿತ್ತು. ಕಮಲಾಕ್ಷಮ್ಮನ ಕಣ್ಣು ಮುಚ್ಚಿತ್ತು, ಎರಡು ಅಂಗೈ ಮಗುವಿನ ಬೆನ್ನನ್ನು ಪೂರ್ತಿ ಮುಚ್ಚಿದ್ದವು. ಗಂಟೆ ಕಳೆದ ಮೇಲೆ ಹೊರಗೆ ಬಂದವರು ಯಾರ ಕಡೆಗೂ ನೋಡಲಿಲ್ಲ. ಸೀದಾ ಪ್ರತಿಮಾಳ ಮಂಚದ ಹತ್ತಿರ ಹೋಗಿ ಸೊಸೆಯ ತಲೆ ಸವರಿದರು.

"ಬೆಚ್ಚಗೈತೆ ಕಣೇ," ಎಂದರು. "ಬಿಸಿ ರೊಟ್ಟಿ ಇದ್ದಂಗೆ ಬೆಚ್ಚಗೈತೆ. ನೀನು ಬೇಗ ಹುಷಾರಾಗು, ನೀನೂ ಹಿಡ್ಕೊಳ್ಳುವಂತೆ."

ಮಗುವಿನ ಹಾದಿ ಆಮೇಲೂ ನೇರವಾಗಿರಲಿಲ್ಲ. ಒಮ್ಮೆ ಕಾಮಾಲೆ ಬಂತು, ಒಮ್ಮೆ ಹೊಟ್ಟೆ ಉಬ್ಬರಿಸಿ ಹಾಲು ನಿಲ್ಲಿಸಬೇಕಾಯಿತು. ಪ್ರತಿಮಾಳ ಜ್ವರ ಇಳಿಯಿತು. ಅತ್ತೆ ಸೊಸೆ ಸರದಿಯ ಮೇಲೆ ಕುರ್ಚಿಯಲ್ಲಿ ಕೂತರು. ಸರದಿ ಯಾರದೆಂದು ಒಂದೆರಡು ಸಲ ಜಗಳವೂ ಆಯಿತು. ತೂಕ ಗ್ರಾಂ ಲೆಕ್ಕದಲ್ಲಿ ಏರಿ, ಒಂದು ದಿನ ಮಗು ತಾನಾಗಿ ಮೊಲೆ ಕಚ್ಚಿತು. ಅದಾಗಿ ವಾರಕ್ಕೆ ಮಂಜುಳಾ ಮನೆಗೆ ಕರೆದುಕೊಂಡು ಹೋಗಬಹುದೆಂದಳು. ಮನೆಯಲ್ಲೂ ಕೆಲವು ವಾರ ಎದೆಯ ಮೇಲೆ ಮಲಗಿಸಿಕೊಳ್ಳುವುದನ್ನು ಬಿಡಬಾರದು, ತಾಯಿಯೊಬ್ಬಳೇ ದಣಿಯಬಾರದು, ಗಂಡಸರೂ ಮಾಡಬಹುದು ಎಂದು ಹೇಳಿ ಕಳಿಸಿದಳು.

ಕಾರಿನಲ್ಲಿ ಜಾವಗಲ್ ತಲುಪುವವರೆಗೂ ಕಮಲಾಕ್ಷಮ್ಮ ರಸ್ತೆಯ ಪ್ರತಿ ಉಬ್ಬಿಗೂ ಡ್ರೈವರನನ್ನು ಬೈದರು. ಮನೆ ಬಾಗಿಲಲ್ಲಿ ನೆರೆಹೊರೆಯವರು ನೆರೆದಿದ್ದರು. "ಆರತಿ ಬೇಗ ಎತ್ತಿ, ಕೂಸಿಗೆ ಗಾಳಿ ತಾಗ್ತದೆ," ಎಂದು ಎಲ್ಲರನ್ನೂ ಸರಿಸಿ ಸೊಸೆಯನ್ನೂ ಮಗುವನ್ನೂ ಒಳಗೆ ಕರೆತಂದರು. ಪ್ರತಿಮಾ ಮಂಚಕ್ಕೆ ಒರಗಿದ್ದೇ ನಿದ್ದೆ ಹೋದಳು. ಶಶಿಕಿರಣ ಔಷಧಿ ಅಂಗಡಿಗೆ ಓಡಿದ.

"ಮಾಂತೇಶ, ಕೈಕಾಲು ತೊಳ್ಕೊಂಡು ಬಾ. ಅಂಗಿ ಬಿಚ್ಚು. ನಾನು ಸ್ನಾನ ಮಾಡಿ ಲಿಂಗಪೂಜೆ ಮುಗಿಸೋಗಂಟ ನೀನು ಮಲಗಿಸ್ಕೋ."

"ನಾನಾ? ನಂಗೆ ಬರಲ್ಲ ಅತ್ತೆಮ್ಮ."

"ಬರೋದೇನೈತೆ ಅದ್ರಲ್ಲಿ. ಅಲ್ಲಾಡದೆ ಕೂತ್ಕೋ, ಅಷ್ಟೇಯ."

ನಡುಮನೆಯ ಈಸಿಚೇರಿನಲ್ಲಿ ಅವನನ್ನು ಒರಗಿಸಿ, ಮಗುವನ್ನು ಎದೆಯ ಮೇಲಿಟ್ಟು, ಮೇಲೆ ಸೀರೆ ಸುತ್ತಿ ಗಂಟು ಬಿಗಿದು ಆಕೆ ಹೊರಟುಹೋದರು. ಮಹಾಂತೇಶ ಉಸಿರು ಬಿಡುವುದಕ್ಕೂ ಹೆದರಿ ಕೂತ. ಮಗುವಿನ ಮೂಗಿನಿಂದ ಬರುವ ಗಾಳಿ ಅವನ ಚರ್ಮಕ್ಕೆ ಕಚಗುಳಿ ಇಟ್ಟಂತೆ ತಾಕುತ್ತಿತ್ತು. ಬೆರಳೊಂದು ಅವನ ಎದೆಯ ಕೂದಲನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಮೈಕು ಹಿಡಿದು ಊರೂರ ಮಕ್ಕಳನ್ನು ನಗಿಸಿದವನಿಗೆ ಒಂದು ಮಾತೂ ತೋಚಲಿಲ್ಲ, ಬೇಕೆಂದೂ ಅನ್ನಿಸಲಿಲ್ಲ.

ಕಮಲಾಕ್ಷಮ್ಮ ಹೊಸದಾಗಿ ವಿಭೂತಿ ಇಟ್ಟುಕೊಂಡು ಬಂದು ಎದುರು ನಿಂತರು.

"ಆಯ್ತು. ಕೊಡು ಇನ್ನು."

"ಈಗ ನಿದ್ದೆ ಹತ್ತೈತೆ. ಇನ್ನೊಂದು ಚೂರು ಹೊತ್ತು ಇರ್ಲಿ ಅತ್ತೆಮ್ಮ."

"ಕೊಡಪ್ಪ ಅಂದ್ರೆ."

"ಒಂದು ಕಾಫಿ ಕುಡ್ಕೊಂಡು ಬನ್ನಿ ನೀವು."

ಆಕೆ ಸೊಂಟದ ಮೇಲೆ ಕೈಯಿಟ್ಟು ಅವನನ್ನು ದಿಟ್ಟಿಸಿದರು. ಅವನು ಜಗ್ಗಲಿಲ್ಲ. ಕೊನೆಗೆ ಒಂದು ಮಣೆ ಎಳೆದುಕೊಂಡು ಅವನ ಕಾಲ ಬಳಿಯೇ ಕೂತು, ಮಗುವಿನ ಟೋಪಿಯನ್ನು ಕಿವಿಯ ಮೇಲೆ ಸರಿಪಡಿಸಿದರು.